ಟಪಾಲು ಗುಮಾಸ್ತರ ಹತ್ತು ಅಪ್ಪಣೆಗಳು

ಟಪಾಲು ಗುಮಾಸ್ತರು ಇಂಗ್ಲಿಷ್ ಕ್ಲಾಸಿನ ಹೋಂವರ್ಕನ್ನು ಮನೆಯಲ್ಲೇ ಬರೆದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಮನೆಯಲ್ಲಿ ಹೆಂಡತಿ, "ಈ ವಯಸ್ಸಲ್ಲಿ ಎಬಿಸಿಡಿ ತಿದ್ತಾರೆ!" ಎಂದು ನಗುತ್ತಾಳೆಂದು ಅವರು ಅದನ್ನು ಆಫೀಸಿಗೇ ತಂದಿದ್ದರು.

ಹೆಡ್ ಕ್ಲರ್ಕ್ ಕುರ್ಚಿ ಖಾಲಿಯಾಗಿ ಮೂರು ತಿಂಗಳಾಗಿತ್ತು. ಇಂಗ್ಲಿಷ್ ಸರ್ಟಿಫಿಕೇಟ್ ತಂದರೆ ಕುರ್ಚಿ ನಿಮಗೇ ಎಂದು ಮ್ಯಾನೇಜರು ಮಾತು ಕೊಟ್ಟಿದ್ದರು. ಅದಕ್ಕೇ ಸಂಜೆ ಆರಕ್ಕೆ, ಸೈಕಲ್ ಅಂಗಡಿಯ ಮಹಡಿಯ ಮೇಲೆ, ಟೀಚರಮ್ಮನ ಕ್ಲಾಸು.

"'ಶುಡ್' ಅಂದ್ರೆ ಬುದ್ಧಿಮಾತು, 'ಮಸ್ಟ್' ಅಂದ್ರೆ ಅಪ್ಪಣೆ," ಎಂದಿದ್ದರು ಟೀಚರಮ್ಮ. "ಸಂಶಯವೇ ಇಲ್ಲದೆ ಏನನ್ನಾದ್ರೂ ಹೇಳೋಕೂ 'ಮಸ್ಟ್' ಬರುತ್ತೆ, ಅದನ್ನ ನಾಳೆ ನೋಡೋಣ. ಈಗ ಹತ್ತು ಅಪ್ಪಣೆ ಬರ್ಕೊಂಡು ಬನ್ನಿ. ತರದವರಿಗೆ ಸರ್ಟಿಫಿಕೇಟ್ ಇಲ್ಲ."

ಹುಟ್ಟಿದಾಗಿನಿಂದ ಯಾರಿಗೂ ಅಪ್ಪಣೆ ಮಾಡದ ಮನುಷ್ಯನಿಗೆ ಒಮ್ಮೆಗೇ ಹತ್ತು ಸಿಕ್ಕಿದರೆ ಬಿಡುತ್ತಾನೆಯೇ? ಮರುದಿನ ಬೆಳಿಗ್ಗೆ ಆಫೀಸಿನಲ್ಲಿ ಕೂತು ದಪ್ಪ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರು. ಎಲ್ಲರೂ ತಮ್ಮ ತಮ್ಮ ಕುರ್ಚಿಯಲ್ಲೇ ಇರಬೇಕು. ಹನ್ನೊಂದಕ್ಕೆ ಮುಂಚೆ ಯಾರೂ ಟೀ ಕುಡಿಯಬಾರದು. ಹೆಡ್ ಕ್ಲರ್ಕ್ ಬಂದರೆ ಎಲ್ಲರೂ ಎದ್ದು ನಿಲ್ಲಬೇಕು. ಹೀಗೇ ಸಾಗಿ, ಹತ್ತನೆಯದಕ್ಕೆ ಏನೂ ತೋಚದೆ, 'ಈ ಗೋಡೆಯ ಮೇಲಿನ ಕಾಗದವನ್ನು ಯಾರೂ ಕೀಳಬಾರದು' ಎಂದು ಮುಗಿಸಿದರು.

ಅಷ್ಟರಲ್ಲಿ ಮ್ಯಾನೇಜರ ಬೂಟಿನ ಸದ್ದು ಕೇಳಿಸಿತು. ಗಾಬರಿಯಲ್ಲಿ ಹಾಳೆಯನ್ನು ಎಡಗಡೆಯ ಟ್ರೇಗೆ ತುರುಕಿದರು. ಆ ಆಫೀಸಿನಲ್ಲಿ ಬಲಗಡೆ ಟ್ರೇಯ ಕಾಗದ ಫೈಲಿಗೆ, ಎಡಗಡೆಯದು ನೋಟಿಸ್ ಬೋರ್ಡಿಗೆ. ಮ್ಯಾನೇಜರು ಮುಖ ತೋರಿಸಿ, ಕಾರು ಹತ್ತಿ ಎಲ್ಲಿಗೋ ಹೋದರು. ಗುಮಾಸ್ತರು ಉಸಿರು ಬಿಟ್ಟು ತಿರುಗುವುದರೊಳಗೆ ಟ್ರೇ ಖಾಲಿ. ಇಂಗ್ಲಿಷಿನ ಗಂಧವಿಲ್ಲದ ಜವಾನ ಹಾಳೆಗೆ ದುಂಡು ಮೊಹರು ಒತ್ತಿ ಬೋರ್ಡಿಗೆ ಚುಚ್ಚಿ ಆಗಿತ್ತು.

ಗುಮಾಸ್ತರು ಓಡಿಹೋಗಿ ಪಿನ್ನಿಗೆ ಕೈ ಹಾಕಿದರು.

"ಟಪಾಲಣ್ಣ, ಕೈ ತೆಗೀರಿ!" ಎಂದು ಅಕೌಂಟೆಂಟ್ ಕೂಗಿದ. "ಹತ್ತನೇದು ಓದಿಲ್ವಾ? ಕೀಳಬಾರದು ಅಂತಿದೆ. ನೀವು ಕಿತ್ತರೆ ನಮ್ಮೆಲ್ಲರ ಕೆಲಸ ಹೋಗುತ್ತೆ!"

ಮೊಹರಿಲ್ಲದ್ದನ್ನು ಅಲ್ಲಿ ಯಾರೂ ನಂಬುತ್ತಿರಲಿಲ್ಲ. ಮೊಹರಿದ್ದದ್ದನ್ನು ಯಾರೂ ಸಂಶಯಿಸುತ್ತಿರಲಿಲ್ಲ. ಹತ್ತೂವರೆಗೆ ಬಂದ ಟೀಯವನನ್ನು ಬಾಗಿಲಿನಿಂದಲೇ ಅಟ್ಟಿದರು. ಕಿಟಕಿಯ ಬಳಿ ಹರಟೆ ಹೊಡೆಯುತ್ತಿದ್ದವರು ಅಂಟು ಹಾಕಿದಂತೆ ಕುರ್ಚಿ ಹಿಡಿದರು. ಹನ್ನೆರಡರ ಹೊತ್ತಿಗೆ ಇಡೀ ಆಫೀಸು, "ಯಾವ ಪಾಪಿ ಬರೆದದ್ದೋ!" ಎಂದು ಹಲ್ಲು ಕಡಿಯುತ್ತ ಕೆಲಸ ಮಾಡುತ್ತಿತ್ತು. ಆ ಪಾಪಿ ಎಲ್ಲರಿಗಿಂತ ಜೋರಾಗಿ ಹಲ್ಲು ಕಡಿಯುತ್ತಿದ್ದರು. ಆಫೀಸಿನ ಮೊಹರು ಸ್ವಂತ ಕೆಲಸಕ್ಕೆ ಬಿತ್ತೆಂದು ಗೊತ್ತಾದರೆ ಹೆಡ್ ಕ್ಲರ್ಕ್ ಕುರ್ಚಿ ಹಾಗಿರಲಿ, ಇದ್ದ ಮುರುಕು ಕುರ್ಚಿಯೂ ಉಳಿಯುವಂತಿರಲಿಲ್ಲ.

ಕೊನೆಗೆ ತಡೆಯಲಾರದೆ ಪಕ್ಕದ ಟೈಪಿಸ್ಟಮ್ಮನ ಕಿವಿಯಲ್ಲಿ ಉಸುರಿದರು. "ಅಕ್ಕಾ, ಅದು ನನ್ನ ಹೋಂವರ್ಕು."

ಟೈಪಿಸ್ಟಮ್ಮ ಬಾಯಿಗೆ ಸೆರಗು ಒತ್ತಿ ನಕ್ಕು, ಆಮೇಲೆ ಕನಿಕರದಿಂದ, "ಅಯ್ಯೋ ಪಾಪ! ಹೆದರಬೇಡಿ, ನಾನಿದೀನಿ," ಎಂದರು.

ನಾಲ್ಕೂವರೆಗೆ ಮ್ಯಾನೇಜರು ಹಿಂದಿರುಗಿದರು. ಬೋರ್ಡು ನೋಡಿದರು. ಆಫೀಸು ನೋಡಿದರು. ಮತ್ತೆ ಬೋರ್ಡು ನೋಡಿದರು.

"ಇದನ್ನ ಬರೆದೋರು ಯಾರು?" ಎಂದು ಗುಡುಗಿದರು.

"ನಾನಲ್ಲ ಸಾರ್!" ಎಂದು ಗುಮಾಸ್ತರು ತಮ್ಮ ಕಡೆ ಯಾರೂ ನೋಡುವ ಮೊದಲೇ ಕಿರುಚಿದರು. "ನನಗೆ ಇಂಗ್ಲಿಷೇ ಬರಲ್ಲ ಸಾರ್! ಮಕ್ಕಳಾಣೆ!"

ಕೊಟ್ಟ ಮಾತಿಗೆ ತಪ್ಪದ ಟೈಪಿಸ್ಟಮ್ಮ ಮೆಲ್ಲಗೆ ಎದ್ದರು. "ನಾನು ಸಾರ್. ತಪ್ಪಾಯ್ತು."

"ತಪ್ಪಾ?" ಮ್ಯಾನೇಜರ ಮುಖ ಅರಳಿತು. "ಹತ್ತು ವರ್ಷದಲ್ಲಿ ಇವತ್ತೇ ಎಲ್ಲರನ್ನೂ ಅವರವರ ಜಾಗದಲ್ಲಿ ನೋಡ್ತಿರೋದು! ಈ ಗಳಿಗೆಯಿಂದ ನೀವೇ ಹೆಡ್ ಕ್ಲರ್ಕ್. ಸರ್ಟಿಫಿಕೇಟು ಯಾರಿಗೆ ಬೇಕು, ಇಂಥ ಇಂಗ್ಲಿಷ್ ಇರುವಾಗ!"

ಮೂರನೆಯ ಅಪ್ಪಣೆ ನೆನಪಾಗಿ ಎಲ್ಲರೂ ದಡಬಡಿಸಿ ಎದ್ದು ನಿಂತರು. ಗುಮಾಸ್ತರೂ ಇಂಗು ತಿಂದ ಮಂಗನಂತೆ ಎದ್ದರು. ಟೈಪಿಸ್ಟಮ್ಮ ಅವರ ಕಡೆ ನೋಡಿ ಏನೋ ಹೇಳಹೊರಟು, ಮ್ಯಾನೇಜರತ್ತ ತಿರುಗಿ ಕೈಮುಗಿದರು. ಗುಮಾಸ್ತರಿಗೆ ಹೊಟ್ಟೆ ಉರಿಯಿತು, ಆದರೆ ಯಾರನ್ನು ಬಯ್ಯುವುದು?

ಅಭಿನಂದನೆಯ ಭಾಷಣಗಳು ಮುಗಿಯುವಾಗ ಆರಕ್ಕೆ ಐದು ನಿಮಿಷ. ಮೊಹರು ಬಿದ್ದ ಹಾಳೆ ಬೋರ್ಡಿನಲ್ಲೇ ಉಳಿಯಿತು. ಸರ್ಟಿಫಿಕೇಟಾದರೂ ದಕ್ಕಲಿ, ಮುಂದೆಂದಾದರೂ ಒದಗೀತು ಎಂದು ಗುಮಾಸ್ತರು ಏದುಸಿರು ಬಿಡುತ್ತ ಮಹಡಿ ಹತ್ತಿದರು.

"ಹೋಂವರ್ಕ್ ಎಲ್ಲಿ?" ಎಂದರು ಟೀಚರಮ್ಮ.

"ಬರೆದಿದೀನಿ ಮೇಡಂ. ನಮ್ಮ ಆಫೀಸಿನ ನೋಟಿಸ್ ಬೋರ್ಡಲ್ಲಿದೆ. ಮೊಹರು ಬಿದ್ದಿದೆ, ಕೀಳೋ ಹಾಗಿಲ್ಲ. ಅದರಿಂದ ಒಬ್ಬರಿಗೆ ಪ್ರಮೋಷನ್ನೂ ಸಿಕ್ತು ಮೇಡಂ!"

ಕ್ಲಾಸು ಗೊಳ್ಳೆಂದಿತು. ಟೀಚರಮ್ಮ ಮಾತ್ರ ನಗಲಿಲ್ಲ. ಸೀಮೆಸುಣ್ಣ ಎತ್ತಿಕೊಂಡು ಕ್ಲಾಸಿನತ್ತ ತಿರುಗಿದರು.

"ಎಲ್ಲರೂ ಇಲ್ಲಿ ನೋಡಿ. ಸಂಶಯವೇ ಇಲ್ಲದಾಗ 'ಮಸ್ಟ್' ಹೇಗೆ ಬಳಸಬೇಕು ಅನ್ನೋದಕ್ಕೆ ಒಳ್ಳೇ ಉದಾಹರಣೆ ಸಿಕ್ತು," ಎಂದು ಬೋರ್ಡಿನ ಮೇಲೆ ಬರೆದರು: 'ಹಿ ಮಸ್ಟ್ ಬಿ ಲೈಯಿಂಗ್.' ಅವನು ಸುಳ್ಳು ಹೇಳುತ್ತಿರಲೇಬೇಕು.

"ನೂರು ಸಲ ಬರ್ಕೊಂಡು ಬನ್ನಿ, ಟಪಾಲು ಸಾಹೇಬ್ರೆ," ಎಂದರು. "ಮನೇಲಿ ಬರೀರಿ."