ಊಜಿ ರಾಣಿಯ ಕೊನೆಯ ಪ್ಯಾರಾ

ಪತ್ರಿಕೆಯಲ್ಲಿ ಕೆಲಸ ಮಾಡುವವರಿಗೆ ಖಚಿತವಾಗಿ ಗೊತ್ತಿರುವ ಸತ್ಯಗಳು ಬಹಳ ಕಡಿಮೆ. ಅದರಲ್ಲಿ ಒಂದು, ಸುದ್ದಿಯ ಜೀವ ತಲೆಯಲ್ಲಿರುತ್ತದೆ, ಬಾಲದಲ್ಲಿ ಇರುವುದಿಲ್ಲ ಎಂಬುದು. ಯಾರು, ಏನು, ಎಲ್ಲಿ ಎಂಬುದೆಲ್ಲ ಮೊದಲೇ ಬಂದುಬಿಡಬೇಕು. ಕೊನೆಗೆ ಉಳಿಯುವುದು ‘ಮುಖಂಡರು ಹಾಜರಿದ್ದರು’ ಎಂಬ ಸಾಲು. ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸುತ್ತೇವೆ. ಚಿಕ್ಕಬಳ್ಳಾಪುರದ ನಮ್ಮ ಕಚೇರಿಯಲ್ಲಿ ಉಪಸಂಪಾದಕನಾಗಿ ನಾನು ಕತ್ತರಿಸಿದ ಬಾಲಗಳಿಗೆ ಲೆಕ್ಕವಿಲ್ಲ. ಹಾಜರಿದ್ದ ಮುಖಂಡರನ್ನು ಬಿಟ್ಟರೆ ಯಾರೂ ಅವುಗಳಿಗಾಗಿ ಕೊರಗಿದ್ದಿಲ್ಲ. ಈ ಒಂದು ಸತ್ಯ ಮನೆಯಲ್ಲೂ ನಡೆಯುತ್ತದೆ ಎಂದುಕೊಂಡದ್ದೇ ನನ್ನ ಈಗಿನ ಗೊಂದಲಕ್ಕೆ ಮೂಲ.

ನನ್ನ ಹೆಂಡತಿ ಸುಮ ಶಿಡ್ಲಘಟ್ಟದ ಹೈಸ್ಕೂಲೊಂದರಲ್ಲಿ ಗಣಿತದ ಟೀಚರ್. ಕೆಲವು ವರ್ಷಗಳಿಂದ ಅವಳಿಗೆ ಒಂದು ಆಟದ ಹುಚ್ಚು ಹಿಡಿದಿದೆ. ಆಟವೆಂದರೆ ಹಲಗೆಯಿಲ್ಲ, ಕಾಯಿಯಿಲ್ಲ, ಇಸ್ಪೀಟೆಲೆಯೂ ಇಲ್ಲ. ಮೂರ್ನಾಲ್ಕು ಜನ ಮೇಜಿನ ಸುತ್ತ ಕೂತು, ಬಾಯಿಮಾತಿನಲ್ಲೇ ಒಬ್ಬೊಬ್ಬರು ಒಂದೊಂದು ವೇಷ ಹಾಕುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ‘ಬಾಗಿಲು ಒಡೀತೀನಿ’, ‘ಮಂತ್ರ ಹಾಕ್ತೀನಿ’ ಎನ್ನುತ್ತಾರೆ. ಬಾಗಿಲು ಒಡೆಯಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಜೊತೆಗಾರರು ಚಿಂತಾಮಣಿಯ ನಸ್ರೀನ್ ಟೀಚರ್ ಮತ್ತು ಗೌರಿಬಿದನೂರಿನ ರೆಡ್ಡಿ ಮೇಷ್ಟ್ರು. ಶಿಕ್ಷಕರ ತರಬೇತಿಯೊಂದರಲ್ಲಿ ಆದ ಪರಿಚಯ. ತರಬೇತಿ ಮುಗಿಯಿತು, ಇದು ಮುಗಿದಿಲ್ಲ. ಭಾನುವಾರ ನಮ್ಮ ನಡುಮನೆಯಲ್ಲಿ ಏನು ನಡೆಯುತ್ತಿದೆ ಎಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಒಮ್ಮೆ ಟೀ ಕೊಡಲು ಹೋದಾಗ ನಸ್ರೀನ್ ಟೀಚರ್, “ನಾನು ಈಗಷ್ಟೇ ಸತ್ತೆ ಸಾರ್, ಸಕ್ಕರೆ ಸ್ವಲ್ಪ ಜಾಸ್ತಿ ಹಾಕಿ” ಎಂದರು. ಸಂಜೆ, “ಯಾರು ಗೆದ್ದರು?” ಎಂದು ಸುಮಳನ್ನು ಕೇಳಿದೆ. “ಇದ್ರಲ್ಲಿ ಗೆಲ್ಲೋದು ಅಂತ ಇಲ್ಲ ಕಣ್ರೀ” ಎಂದಳು. ವರ್ಷಗಟ್ಟಲೆ ಮತ ಎಣಿಕೆಯ ಸುದ್ದಿ ತಿದ್ದಿದವನಿಗೆ ಇದನ್ನು ಜೀರ್ಣಿಸಿಕೊಳ್ಳಲು ಆಗಲಿಲ್ಲ.

ಆಟದ ಮೂಲ ನಿಯಮಗಳು ಒಂದು ದಪ್ಪ ಇಂಗ್ಲಿಷ್ ಪುಸ್ತಕದಲ್ಲಿವೆ. ಅಲ್ಲಿ ಎಲ್ಲೆಲ್ಲೂ ಹಿಮ. ರೆಡ್ಡಿ ಮೇಷ್ಟ್ರು ಒಂದು ದಿನ, “ನಂದಿ ಬೆಟ್ಟದ ಮಂಜು ಬಿಟ್ರೆ ನಾನು ಇನ್ನೇನೂ ನೋಡಿಲ್ಲಮ್ಮಾ, ಈ ಹಿಮದಾಗೆ ಎಷ್ಟು ದಿನ ನಡೀಲಿ?” ಎಂದರಂತೆ. ಸುಮ ತಾನೇ ಒಂದು ನಾಡು ಕಟ್ಟಲು ಕೂತಳು. ಕೊನೆಯಿಲ್ಲದ ಹಿಪ್ಪುನೇರಳೆ ಕಾಡು, ನಡುವೆ ಗೂಡಿನ ಆಕಾರದ ಕೋಟೆ. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು ಮಲಗುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಅವಳ ವೀರರೂ ಹಾಗೆಯೇ ಒಂದೊಂದು ಜ್ವರ ದಾಟಿ ಬಲವಾಗುತ್ತಾರೆ. ನಾಲ್ಕು ದಾಟಿದವರು, ಗೂಡು ಕಟ್ಟಲು ಸಿದ್ಧವಾದ ಹುಳುವಿನ ಹಾಗೆ, ಹಣ್ಣಾದವರು. ಇನ್ನು ಶತ್ರು. ಹುಳುವಿನ ಮೇಲೆ ಮೊಟ್ಟೆಯಿಟ್ಟು ಬೆಳೆಯನ್ನೇ ಹಾಳುಮಾಡುವ ಊಜಿ ನೊಣವನ್ನು ಆನೆಯ ಗಾತ್ರಕ್ಕೆ ಬೆಳೆಸಿ, ಊಜಿ ರಾಣಿ ಎಂದು ಹೆಸರಿಟ್ಟಳು. ಕತ್ತಿ, ಬೆಂಕಿ, ಮಂತ್ರ ಯಾವುದೂ ಅವಳಿಗೆ ತಾಗುವುದಿಲ್ಲ.

ರೆಡ್ಡಿ ಮೇಷ್ಟ್ರು ಪ್ರತಿ ನಿಯಮಕ್ಕೂ ತಕರಾರು ತೆಗೆಯುವವರು. ಅದಕ್ಕೇ ಮೂವರೂ ಮೊದಲೇ ಮಾತಾಡಿಕೊಂಡಿದ್ದರು: ಅಚ್ಚಾಗಿರುವುದಷ್ಟೇ ನಿಯಮ, ಬಾಯಲ್ಲಿ ಹೇಳಿದ್ದು ನಡೆಯುವುದಿಲ್ಲ. ಇನ್ನೊಂದು ಮಾತೂ ಆಗಿತ್ತು. ಹೊಸ ನಾಡಿನಲ್ಲಿ ಒಂದು ಭಾನುವಾರ ಆಡಿ ನೋಡುವುದು; ಆಟ ಕೂಡಿ ಬರದಿದ್ದರೆ ಸುಮ ಅದನ್ನು ಎತ್ತಿಟ್ಟು ಎಲ್ಲರೂ ಹಿಮಕ್ಕೆ ವಾಪಸ್ಸು. ವರ್ಷವಿಡೀ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಬರೆದವಳಿಗೆ ಆ ಭಾನುವಾರ ಪರೀಕ್ಷೆಯಾಗಿತ್ತು.

“ನೀವು ಪೇಪರಿನೋರು, ಇದನ್ನ ಎಂಟು ಪುಟಕ್ಕೆ ಹಿಡಿಸಿ ಜೆರಾಕ್ಸ್ ಮಾಡಿಸ್ಕೊಂಡು ಬನ್ನಿ. ನನಗೆ ಮೌಲ್ಯಮಾಪನ ಇದೆ” ಎಂದಳು. ನಾನು ಶಿಸ್ತಾಗಿ ಕೂತು ತಿದ್ದಿದೆ. ರಾಣಿಯನ್ನು ‘ಭಯಂಕರ’ ಎಂದಿದ್ದಳು. ಹಾಗೆಂದವರು ಯಾರೆಂದು ಹೇಳಿಲ್ಲವೆಂದು ಆ ಪದ ತೆಗೆದೆ. ಆದರೂ ಒಂದು ಪ್ಯಾರಾ ಒಂಬತ್ತನೇ ಪುಟಕ್ಕೆ ಇಳಿಯಿತು. ಕಣ್ಣಾಡಿಸಿದೆ. ‘ಹಣ್ಣಾದವರು ನೂಲು ತೆಗೆಯುತ್ತಾರೆ’ ಎಂದು ಶುರುವಾಗಿತ್ತು. ಮನೆಮನೆಯಲ್ಲೂ ರೇಷ್ಮೆ ನೂಲು ತೆಗೆಯುವ ಶಿಡ್ಲಘಟ್ಟದಲ್ಲಿ ಇದೂ ಒಂದು ಸುದ್ದಿಯೇ? ಮುಂದೆ ಓದಲಿಲ್ಲ. ಬಾಲ ಕತ್ತರಿಸಿದೆ. ಎಂಟು ಪುಟಕ್ಕೆ ಅಚ್ಚುಕಟ್ಟಾಗಿ ಕೂತಿತು.

ಭಾನುವಾರ ಆಟ ಚೆನ್ನಾಗಿಯೇ ರಂಗೇರಿತು. ನನಗೂ ವರದಿಗಾರನ ಪಾತ್ರ ಕೊಟ್ಟು ಕೂರಿಸಿಕೊಂಡಿದ್ದರು. ಸುಮ, “ರಾಣಿ ಎದುರಿಗೇ ಬಂದ್ಲು, ಏನ್ಮಾಡ್ತೀರಿ?” ಎಂದಳು. “ಅವರ ಪ್ರತಿಕ್ರಿಯೆ ಕೇಳುತ್ತೇನೆ” ಎಂದೆ. ದಾಳ ಉರುಳಿತು. ರಾಣಿ ನನ್ನ ಎಡಗೈ ತಿಂದಳು. ಪ್ರತಿಕ್ರಿಯೆ ಸಿಗಲಿಲ್ಲ. ಊಟದ ಹೊತ್ತಿಗೆ ರೆಡ್ಡಿ ಮೇಷ್ಟ್ರು ನಿಂತುಕೊಂಡೇ ಆಡುತ್ತಿದ್ದರು. ನಸ್ರೀನ್ ಟೀಚರ್ ನಾಲ್ಕನೇ ಜ್ವರ ದಾಟಿದಾಗ ಸುಮಳ ಮುಖ ಅರಳಿತು. “ನಸ್ರೀನ್, ನೀನು ಹಣ್ಣಾದೆ ಕಣೇ! ಈಗ ನೂಲು ಬಿಡು. ಆ ನೂಲಿಗೆ ಮಾತ್ರ ರಾಣಿ ಸಿಕ್ಕೋದು.”

“ಯಾವ ಪುಟ ಮೇಡಂ?” ಎಂದರು ರೆಡ್ಡಿ ಮೇಷ್ಟ್ರು.

ಸುಮ ಎಂಟನೇ ಪುಟ ತಿರುಗಿಸಿದಳು. ಹಿಂದೆ ಬಿಳಿ. ಮತ್ತೆ ಮುಂದಿನಿಂದ ಹುಡುಕಿದಳು. ನಸ್ರೀನ್ ಟೀಚರ್ ದಾಳವನ್ನು ಕೈಯಲ್ಲೇ ಹಿಡಿದುಕೊಂಡಿದ್ದರು.

“ಅಚ್ಚಲ್ಲಿ ಇಲ್ಲ ಅಂದ್ರೆ ಇಲ್ಲ. ರಾಣಿ ಸಾಯಲ್ಲ. ಅಷ್ಟೇ ಕದಾ? ಹಿಮಕ್ಕೆ ಹೋಗಣ” ಎಂದರು ಮೇಷ್ಟ್ರು. ಆದರೆ ಕೂರಲಿಲ್ಲ. ಅವರ ದನಿಯಲ್ಲೂ ಉತ್ಸಾಹವಿರಲಿಲ್ಲ.

ಸುಮ ನನ್ನ ಕಡೆ ನೋಡಿದಳು. ಕಣ್ಣು ತುಂಬಿತ್ತು, ಬಯ್ಯಲಿಲ್ಲ. “ಕೊನೇದು ಏನಾಯ್ತ್ರೀ?”

“ಜಾಗ ಇರಲಿಲ್ಲ” ಎಂದೆ. ಕಚೇರಿಯಲ್ಲಿ ಈ ಮಾತಿನ ಮುಂದೆ ಯಾರೂ ಏನೂ ಕೇಳುವುದಿಲ್ಲ.

ನಸ್ರೀನ್ ಟೀಚರ್ ಕೇಳಿದರು. “ನಿಮ್ ಪೇಪರಲ್ಲಿ ತಪ್ಪಾದ್ರೆ ಏನ್ಮಾಡ್ತೀರಿ ಸಾರ್?”

“ಮಾರನೇ ದಿನ ತಿದ್ದುಪಡಿ ಹಾಕುತ್ತೇವೆ.”

“ಅದೂ ಅಚ್ಚೇ ಅಲ್ವಾ? ಹಾಕಿ ಮತ್ತೆ!”

ಮೇಷ್ಟ್ರು ಯೋಚಿಸಿ, “ತಿದ್ದುಪಡಿ ನಡೀತದೆ. ಆದ್ರೆ ಅಚ್ಚಾಗೇ ಬರ್ಬೇಕು” ಎಂದರು. ನಾನು ಬರೆದೆ: ‘ಕಣ್ತಪ್ಪಿನಿಂದ ಕೊನೆಯ ಪ್ಯಾರಾ ಬಿಟ್ಟುಹೋಗಿದೆ.’ ಅವರು ಓದಿ ವಾಪಸ್ಸು ಕೊಟ್ಟರು. “ತಾನಾಗೇ ಎದ್ದು ಹೋಯ್ತಾ ಸಾರ್ ಅದು? ಬಿಟ್ಟಿದ್ಯಾರು? ಹಾಕಿ.” ಇಷ್ಟು ವರ್ಷಗಳಲ್ಲಿ ಯಾವ ತಿದ್ದುಪಡಿಯಲ್ಲೂ ನಾನು ಕರ್ತೃವನ್ನು ಹಾಕಿದವನಲ್ಲ. ‘ಕೊನೆಯ ಪ್ಯಾರಾವನ್ನು ಸುಮಳ ಗಂಡ ಓದದೆ ಕತ್ತರಿಸಿದ್ದಾನೆ’ ಎಂದು ಬರೆದು, ಪ್ಯಾರಾವನ್ನು ಅವಳ ಬಾಯಿಂದ ಕೇಳಿ ಸೇರಿಸಿ, ಬಿಸಿಲಲ್ಲಿ ಅಂಗಡಿಗೆ ಹೋಗಿ ಮುದ್ರಿಸಿ ತಂದೆ. ಅಂಗಡಿಯವನು ಓದಿ ನನ್ನನ್ನೊಮ್ಮೆ ನೋಡಿದ.

ನಸ್ರೀನ್ ಟೀಚರ್ ದಾಳ ಎಸೆದರು. ಇಪ್ಪತ್ತು ಬಿತ್ತು. ರಾಣಿ ನೂಲಿನಲ್ಲಿ ಸುತ್ತಿಕೊಂಡು ಉರುಳಿದಳು. ಮೇಷ್ಟ್ರು ಮೇಜು ಗುದ್ದಿದ ರಭಸಕ್ಕೆ ಟೀ ಲೋಟ ಉರುಳಿತು. ಹಿಮದ ಪುಸ್ತಕ ಈಗ ನಮ್ಮ ಅಟ್ಟದ ಮೇಲಿದೆ. ಗೆದ್ದವರು ಯಾರೆಂದು ಮತ್ತೆ ಕೇಳಿದೆ. ಸುಮ ಚೆಲ್ಲಿದ ಟೀ ಒರೆಸಲು ಬಟ್ಟೆ ಕೊಟ್ಟಳು.

ಮೊನ್ನೆ ಸುಮ ಎರಡನೇ ಮುದ್ರಣದ ಪ್ರತಿಯನ್ನು ತಿದ್ದಲು ಕೊಟ್ಟಳು. ಹೊಸದೊಂದು ಪ್ರಾಣಿ ಸೇರಿದೆ. ಹೆಸರು ಉಪಸಂಪಾದಕ. ಒಂದೇ ಕೈ. ಸಿಕ್ಕಿದ್ದನ್ನೆಲ್ಲ ಬಾಲದ ಕಡೆಯಿಂದ ತಿನ್ನುತ್ತದೆ, ತಿನ್ನುವುದೇನೆಂದು ನೋಡುವುದಿಲ್ಲ, ಟೀ ಮಾತ್ರ ಚೆನ್ನಾಗಿ ಮಾಡುತ್ತದೆ. ಇದನ್ನು ಹೇಗಾದರೂ ತೆಗೆಯೋಣವೆಂದು ಪೆನ್ನು ಹಿಡಿದೆ. ಮೊದಲನೇ ಪ್ಯಾರಾದಲ್ಲೇ ಹಾಕಿದ್ದಾಳೆ.