ಮಗಳ ಹೊಟ್ಟೆಯ ಮಾತು

ಕೆಲವು ಗೆಲುವುಗಳನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದು ಕಷ್ಟ. ಮಗಳು ಕ್ಲಾಸಿಗೆ ಮೊದಲು ಬಂದರೆ ಓಣಿಗೆಲ್ಲ ಸಾರಬಹುದು. ಮಗಳಿಗೆ ಬೆಳಿಗ್ಗೆ ಸಲೀಸಾಗಿ ಹೊಟ್ಟೆ ಖಾಲಿಯಾಯಿತು ಅಂತ ಯಾರಿಗೆ ಹೇಳುವುದು? ನಾನು ಹೇಳಿದವನು.

ಮಗಳು ನಿಮ್ಮಿಗೆ ಒಂಬತ್ತು ವರ್ಷ. ಆಟಿಸಂ ಇದೆ. ಮಾತು ಕಡಿಮೆ, ಇರುವ ಮಾತೆಲ್ಲ ಬಸ್ಸಿನ ಬೋರ್ಡುಗಳ ಮೇಲೆ ಖರ್ಚಾಗುತ್ತದೆ. ಊಟಕ್ಕೆ ಅನ್ನ, ಮೊಸರು, ಬಿಸ್ಕತ್ತು, ಇಷ್ಟೇ. ಕಳೆದ ವರ್ಷ ಇದ್ದಕ್ಕಿದ್ದಂತೆ, ಸಂಜೆಯಾದರೆ ಸಾಕು, ಮುಂಗೈ ಕಚ್ಚಿಕೊಂಡು ಗೋಡೆಗೆ ತಲೆ ಬಡಿದುಕೊಳ್ಳತೊಡಗಿದಳು. ನಮ್ಮ ಅತ್ತೆ, "ಹಠ ಭಾಳ ಆಗೈತಿ, ಸಲಿಗಿ ಕಮ್ಮಿ ಮಾಡ್ರಿ" ಅಂದರು. ನಾನು ಮೊಬೈಲಿನಲ್ಲಿ ಓದಿ ಪಂಡಿತನಾದವನು. "ಆಟಿಸಂ ಅಂದ್ರ ಹಂಗ ಇರ್ತೈತ್ರಿ" ಎಂದು ಅವರಿಗೇ ಪಾಠ ಹೇಳಿದೆ. ಇಬ್ಬರೂ ತಪ್ಪಿದ್ದೆವು. ಅತ್ತೆ ಆಮೇಲೆ ಒಪ್ಪಿಕೊಂಡರು, ಅಷ್ಟೇ ವ್ಯತ್ಯಾಸ.

ಕೊನೆಗೆ ಹೆಂಡತಿ ಗಿರಿಜಾ ಅವಳನ್ನು ಮಕ್ಕಳ ಡಾಕ್ಟರ ಹತ್ತಿರ ಕರೆದೊಯ್ದಳು. ನಾನು ಚೀಲ ಹಿಡಿದು ಹಿಂದೆ ಹೋದೆ. ಡಾಕ್ಟರಮ್ಮ ನಿಮ್ಮಿಯ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿ, "ಸಂಡಾಸಕ್ಕ ಹೋಗಿ ಎಷ್ಟು ದಿನ ಆತ್ರಿ?" ಅಂದರು. ನಾನು ಮೂರು ಅಂದೆ, ಅದೇ ಹೊತ್ತಿಗೆ ಗಿರಿಜಾ ಆರು ಅಂದಳು.

"ಇದು ಹಠ ಅಲ್ರಿ, ನೋವು. ಆಟಿಸಂ ಇರೋ ಮಕ್ಕಳಿಗೆ ಮಲಬದ್ಧತೆ ಭಾಳ ಕಾಡತೈತಿ. ಹೊಟ್ಟಿ ನೋಯ್ತೈತಿ ಅಂತ ಹೇಳಾಕ ಬರಂಗಿಲ್ಲ, ಕೈ ಕಚ್ಕೊಂತಾರ."

ಬೀಜದ ಅಂಗಡಿಯಲ್ಲಿ ಕುಳಿತು, ರೈತರು ತಂದ ಎಲೆ ನೋಡಿಯೇ ಬೆಳೆಯ ರೋಗ ಹೇಳುವವನು ನಾನು. ಮಗಳ ಮುಂಗೈ ಮೇಲಿನ ಹಲ್ಲಿನ ಗುರುತು ಓದಲು ಬಂದಿರಲಿಲ್ಲ.

ನೀರಿನಲ್ಲಿ ಕದಡುವ ಒಂದು ಪುಡಿ ಕೊಟ್ಟರು. ತಿಂಡಿ, ಊಟ ಆದ ಮೇಲೆ ಹತ್ತು ನಿಮಿಷ ಕಮೋಡಿನ ಮೇಲೆ ಕೂರಿಸಿರಿ ಅಂದರು. ಪುಡಿ ಕುಡಿದಳು, ಕೂರುವುದೇ ಕಷ್ಟ. ಫ್ಲಶ್ಶಿನ ಸದ್ದಿಗೆ ಕಿವಿ ಮುಚ್ಚಿ ಓಡುವಳು. ಫ್ಲಶ್ ಬಿಟ್ಟು ಬಕೆಟ್ ಇಟ್ಟೆವು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಅತ್ತೆ ತಮ್ಮ ಎತ್ತರದ ಮಣೆಯನ್ನೇ ಕಾಲಡಿಗೆ ಕೊಟ್ಟರು. ಆ ಮಣೆಯ ಮೇಲೆ ಅವರು ಅಳಿಯನನ್ನೂ ಕೂರಿಸಿದವರಲ್ಲ. ನನ್ನ ಪಾಲಿನ ಕೆಲಸ, ಬಾಗಿಲಾಚೆ ಕುಳಿತು ಬಸ್ಸಿನ ಬೋರ್ಡಿನ ಊರುಗಳ ಹೆಸರು ಕೂಗುವುದು. "ಕಂಪ್ಲಿ, ಸಂಡೂರು, ಹಂಪಿ..." ಅನ್ನುತ್ತಿದ್ದಂತೆ ಒಳಗಿನಿಂದ "ಮರಿಯಮ್ಮನಹಳ್ಳಿ ಬಿಟ್ಟಿ" ಎಂಬ ತಿದ್ದುಪಡಿ ಬರುತ್ತಿತ್ತು. ಮತ್ತೆ ಮೊದಲಿನಿಂದ ಶುರು.

ಮೂರನೆಯ ವಾರ, ಒಂದು ಭಾನುವಾರ ಬೆಳಿಗ್ಗೆ, ತಿದ್ದುಪಡಿ ಬರಲಿಲ್ಲ. ಸ್ವಲ್ಪ ಹೊತ್ತಿಗೆ ನೀರು ಸುರಿದ ಸದ್ದು ಕೇಳಿತು. ಅಂದು ಸಂಜೆ ನಿಮ್ಮಿ ಕೈ ಕಚ್ಚಿಕೊಳ್ಳಲಿಲ್ಲ. ಮರುದಿನವೂ ಇಲ್ಲ. ತಿಂಗಳು ಕಳೆದ ಮೇಲೆ ಒಂದು ದಿನ ನನ್ನ ಅಂಗಿ ಜಗ್ಗಿ, ನನ್ನ ಕೈಯನ್ನು ತನ್ನ ಹೊಟ್ಟೆಯ ಮೇಲಿಟ್ಟುಕೊಂಡು, "ಅಪ್ಪಾ, ನೋವು" ಅಂದಳು. ಒಂಬತ್ತು ವರ್ಷದಲ್ಲಿ ಮೊದಲ ಸಲ. ಗಿರಿಜಾ ಸೆರಗಿನಿಂದ ಕಣ್ಣೊರೆಸಿಕೊಂಡು ನೀರಿಗೆ ಪುಡಿ ಕದಡಿದಳು. ನಾನು ಪೇಟೆಗೆ ಓಡಿ ಪೇಢೆ ತಂದೆ. ಮಗಳಿಗೆ ಹೊಟ್ಟೆನೋವು ಅಂತ ಪೇಢೆ ಹಂಚಿದ ಮೊದಲ ಅಪ್ಪ ನಾನೇ ಇರಬೇಕು.

ಪಕ್ಕದ ಮನೆಯ ನಿವೃತ್ತ ಮಾಸ್ತರರು, "ಏನ್ ವಿಶೇಷರೀ?" ಅಂದರು. ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದೆ. ಪೇಢೆ ಬಾಯಿಗಿಡದೆ ಯೋಚಿಸಿ, ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದರು: "ಆ ಪುಡಿ ದೊಡ್ಡೋರಿಗೂ ನಡಿತೈತೇನ್ರಿ?"

ಡಾಕ್ಟರನ್ನು ಕೇಳ್ರಿ ಅಂದು ಸುಮ್ಮನಾಗಬಹುದಿತ್ತು. ಆದರೆ ನಮ್ಮ ಮನೆಯ ಗೇಟಿಗೊರಗಿ ನಿಂತು, ಹೊಟ್ಟೆಗೂ ಸಿಟ್ಟಿಗೂ ಇರುವ ನಂಟಿನ ಬಗ್ಗೆ ಅರ್ಧ ತಾಸು ಉಪನ್ಯಾಸ ಕೊಟ್ಟೆ, ಮೊದಲ ದಿನವೇ ಎಲ್ಲವನ್ನೂ ಕಂಡುಹಿಡಿದವನು ನಾನೇ ಎಂಬಂತೆ. ಒಳಗಿನಿಂದ ಅತ್ತೆ ಕೆಮ್ಮಿದ್ದು ಇಬ್ಬರಿಗೂ ಕೇಳಿಸಿತು.