ಸುಣ್ಣದ ತಲೆಗೆ ಕಟ್ಟಿದ ಕೆಮ್ಮು

ಸೋಮಾರಿಗೆ ಹೇಳಿಕೊಳ್ಳುವಂಥ ಒಂದು ಕಾಯಿಲೆ ಸಿಕ್ಕರೆ ಅದನ್ನು ವಾಸಿ ಮಾಡಿಕೊಳ್ಳಲು ಅವನಿಗೆ ಮನಸ್ಸೇ ಬರುವುದಿಲ್ಲ. ಅನುಭವದಿಂದಲೇ ಹೇಳುತ್ತಿದ್ದೇನೆ. ಎರಡು ವರ್ಷದಿಂದ ನನಗೆ ರಾತ್ರಿ ಕೆಮ್ಮು. ಹಗಲೆಲ್ಲ ಕೆಮ್ಮಿನ ಸುಳಿವಿಲ್ಲ. ಸಾತನೂರಿನ ಹೈಸ್ಕೂಲಿನಲ್ಲಿ ಗುಮಾಸ್ತನಾಗಿ ಕೂತಲ್ಲೇ ತೂಕಡಿಸುತ್ತಿರುತ್ತೇನೆ. ಮಲಗಿ ಗೊರಕೆ ಶುರುವಾದರೆ ಮುಗಿಯಿತು, ಯಾರೋ ಕತ್ತು ಹಿಸುಕಿದಂತಾಗಿ ಕೆಮ್ಮುತ್ತ ಎಚ್ಚರಾಗುತ್ತೇನೆ. ಒಂದೇ ರಾತ್ರಿಯಲ್ಲಿ ಎಷ್ಟು ಸಲವೋ, ದೇವರೇ ಬಲ್ಲ.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡಲು ಮೇವು ಬಿಟ್ಟು ಮಲಗಿದಾಗ, ಮೇಲೆ ಸುಣ್ಣದ ಪುಡಿ ಉದುರಿಸಬೇಕು. ಆ ಪುಡಿಯೇ ಕೆಮ್ಮಿಗೆ ಕಾರಣವೆಂದು ನಾನೇ ತೀರ್ಪು ಕೊಟ್ಟುಕೊಂಡು ಹುಳುಮನೆಗೆ ಕಾಲಿಡುವುದನ್ನೇ ಬಿಟ್ಟೆ. ಸೊಪ್ಪು ಕೊಯ್ದು ಹೊರುವುದು, ಹುಳುವಿಗೆ ಹಾಕುವುದು, ಕಸ ತೆಗೆಯುವುದು ಎಲ್ಲ ಹೆಂಡತಿ ಜಯಮ್ಮನ ಪಾಲಾಯಿತು. ನನ್ನ ಪಾಲಿಗೆ ಬಂದದ್ದು ಅವಳೇ ಕಾಯಿಸಿ ಕೊಡುವ ಮೆಣಸಿನ ಕಷಾಯ. ನಾಲಿಗೆ ಸುಟ್ಟಿತು, ಹೊಟ್ಟೆ ಉರಿಯಿತು, ಕೆಮ್ಮು ಮಾತ್ರ ಜಗ್ಗಲಿಲ್ಲ. ಹುಳು ನಾಲ್ಕು ಜ್ವರ ಕಳೆದರೆ ಗೂಡಾದರೂ ಕಟ್ಟುತ್ತದೆ. ನನ್ನ ಬಾಳು ಹುಳುವಿಗಿಂತ ಕಡೆಯಾಯಿತಲ್ಲ ಎಂದು ಬಹಳ ಸಲ ಅನ್ನಿಸಿದೆ.

ಮೊನ್ನೆ ಅವಳೇ ಹಟ ಮಾಡಿ ಕನಕಪುರಕ್ಕೆ ಕರೆದುಕೊಂಡು ಹೋದಳು. ಡಾಕ್ಟರು ನನ್ನ ದಪ್ಪ ಕತ್ತು ನೋಡಿ, ಅವಳ ಹತ್ತಿರ ಎಲ್ಲ ಕೇಳಿಕೊಂಡು, "ಇದು ಸುಣ್ಣದ ಕೆಮ್ಮಲ್ಲ. ನಿದ್ದೇಲಿ ಗಂಟಲು ಮುಚ್ಚಿ ಉಸಿರು ನಿಂತು ನಿಂತು ಬರ್ತಿರೋ ಹಾಗಿದೆ. ನಿದ್ದೆ ಪರೀಕ್ಷೆ ಮಾಡಿಸಿ. ಹೀಗೇ ಬಿಟ್ರೆ ಹೃದಯಕ್ಕೆ ಕಷ್ಟ" ಎಂದರು. ಎದೆ ಧಸಕ್ಕೆಂದಿತು. ಹೃದಯದ ಮಾತಿಗಲ್ಲ, ಎರಡು ವರ್ಷ ಜಯಮ್ಮ ಒಬ್ಬಳೇ ಹೊತ್ತ ಸೊಪ್ಪಿನ ಹೊರೆಗಳು ನೆನಪಾಗಿ.

ವಾಪಸು ಬರುವಾಗ ಬಸ್ಸಿನಲ್ಲಿ ಬೈಗುಳಕ್ಕೆ ತಯಾರಾಗಿ ಕೂತೆ. ಅವಳು ಬೈಯಲಿಲ್ಲ.

"ಸುಣ್ಣ ಅಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು" ಎಂದಳು.

"ಗೊತ್ತಿದ್ದೂ ಸುಮ್ನಿದ್ಯಾ?"

"ಡಾಕ್ಟ್ರತ್ರ ಹೋಗಣ ಅಂದಾಗೆಲ್ಲ ಸುಣ್ಣ ಸುಣ್ಣ ಅಂತಿದ್ರಿ. ದಿನಾ ರಾತ್ರಿ ನಿಮ್ ಉಸ್ರು ನಿಂತೋಯ್ತದೆ. ಎಚ್ಚರಾಗಿ ಕಾಯ್ತಾ ಇರ್ತೀನಿ. ನೀವು ಕೆಮ್ಮಿದ್ರೆ, ಸದ್ಯ ಬದುಕವ್ರೆ ಅಂತ ಒಸಿ ಕಣ್ಣು ಮುಚ್ತೀನಿ."

ಈ ಎರಡು ವರ್ಷದಲ್ಲಿ ನಾನು ಅವಳಿಗೆ ಮಾಡಿದ ಉಪಕಾರವೆಂದರೆ ಒಂದೇ ಒಂದು. ಬೆಳಗಿನ ಜಾವ ಎದ್ದು ಸೊಪ್ಪಿಗೆ ಹೋಗುವವಳ ನಿದ್ದೆ ಕೆಡದಿರಲಿ ಎಂದು, ಎಷ್ಟೋ ರಾತ್ರಿ ಗೋಡೆಯ ಕಡೆ ತಿರುಗಿ, ಬಾಯಿಗೆ ಟವೆಲು ಒತ್ತಿಕೊಂಡು, ಕೆಮ್ಮನ್ನು ಸದ್ದಿಲ್ಲದೆ ನುಂಗಿದ್ದೆ.